ಕತ್ತಿನ ನರ ನೋಡುತ್ತಿದ್ದ ನಾಟಕದಕ್ಕ

ನಂದಿನಿ, ಕವಿನ್, ನಿಮ್ಮಜ್ಜಿ ಬರೆಯುತ್ತಿದ್ದೇನೆ, ಇಬ್ಬರೂ ಕೇಳಿ. ಎದುರುಮನೆಯ ನಾಟಕದಕ್ಕ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವಳ ಎಡಗೈಯ ಹೆಬ್ಬೆರಳು. ಅದನ್ನು ಕತ್ತಿನ ಬುಡದ ಕುಳಿಯಲ್ಲಿ ಒತ್ತಿ ಹಿಡಿಯದೆ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಸೋರುವ ಕೊಡಕ್ಕೆ ಬೆರಳು ಅಡ್ಡ ಇಟ್ಟ ಹಾಗೆ. ಅಷ್ಟು ಮಾಡಿದರೂ ಹೊರಗೆ ಬರುತ್ತಿದ್ದುದು ಒಣಗಿದ ಬಾಳೆ ಎಲೆ ಗಾಳಿಗೆ ಉಜ್ಜಿದಂಥ ಸದ್ದು. ಬಿರುಬೇಸಿಗೆಯಲ್ಲೂ ಕತ್ತಿಗೆ ಒಂದು ಹತ್ತಿ ಬಟ್ಟೆ ಸುತ್ತಿರುತ್ತಿತ್ತು. ಒಂದು ಕಾಲಕ್ಕೆ ಅದು ಅಚ್ಚ ಕೆಂಪಂತೆ. ನಾನು ನೋಡುವ ಹೊತ್ತಿಗೆ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಕವಿನ್, ನೀನು ಚಿಕ್ಕವನಿದ್ದಾಗ ಆ ಸದ್ದಿಗೆ ಹೆದರಿ ನನ್ನ ಸೀರೆಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ನಾನೂ ಅಡಗಿಕೊಳ್ಳುವವಳೇ. ಹೊಸಬರು ಮನೆಗೆ ಬಂದರೆ ಒಳಗೆ ಹೋಗುವವಳು. ಸಾವಿನ ಮನೆಯಲ್ಲಿ ಕೂಡ ಉಳಿದ ಹೆಂಗಸರು ದನಿ ಎತ್ತಿ ಅತ್ತರೆ ನಾನು ಹಿಂದೆ ನಿಂತು ತುಟಿ ಅಲುಗಿಸಿ ಬರುವವಳು. ನಿಮ್ಮ ತಾತ ತೀರಿಕೊಂಡ ದಿನವೂ ಹಾಗೇ. ಬಾಯಲ್ಲಿ ಆಡಲಾರದ್ದನ್ನು ಬರೆಯಬಹುದು ಎಂದು ಈಗ ಕೂತಿದ್ದೇನೆ. ತವರಿನಲ್ಲಿ, ತಾಳವಾಡಿ ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಅಕ್ಷರ ಇದು. ತಮಿಳು ಸೀಮೆಯ ಈ ಕಂಬಂ ಕಣಿವೆಯಲ್ಲಿ ಮನೆಯೊಳಗೆ ನಮ್ಮ ಕನ್ನಡ ಮಾತು ಉಂಟು, ಅಕ್ಷರ ಇಲ್ಲ. ನಂದಿನಿ, ನೀನು ಫೋನು ನೋಡಿ ಕಲಿಯುತ್ತಿದ್ದೀಯಲ್ಲ, ತಮ್ಮನಿಗೆ ನೀನೇ ಓದಿ ಹೇಳು. ನಿನ್ನದೇ ಕತೆ ಇದು, ಆದರೆ ನಿನಗೆ ಗೊತ್ತಿರುವುದು ಅರ್ಧ.

ನಾಟಕದಕ್ಕ ನಮ್ಮ ಜನದವಳೇ. ಈ ಕಣಿವೆಯದೇ ಗೂಡಲೂರಿನ ಆಚೆ ಬದಿಯ ಒಂದು ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಹದಿನೇಳಕ್ಕೆ ದಿಂಡಿಗಲ್ಲಿನ ಒಂದು ನಾಟಕದ ಗುಂಪಿಗೆ ಸೇರಿಬಿಟ್ಟಳು. ಮನೆಯವರು ಆವತ್ತಿನಿಂದ ಅವಳ ಹೆಸರು ಎತ್ತಲಿಲ್ಲ. ಇಪ್ಪತ್ತು ವರ್ಷ ರಾಣಿಯ ಪಾತ್ರ, ದೇವಿಯ ಪಾತ್ರ. ಊರೂರಿನ ಬಯಲಿನಲ್ಲಿ ಆಟ. ಇಡೀ ರಂಗಕ್ಕೆ ಒಂದೇ ಮೈಕು, ಅದು ರಾಜನ ಎದುರಿಗೆ. ರಾಣಿ ಪಕ್ಕದಲ್ಲಿ ನಿಂತು ಕೂಗಬೇಕು. ಕೂಗಿದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ ದನಿ ನಿಂತುಹೋಯಿತು.

"ಕಿರೀಟ ಇಟ್ಕೊಂಡು ಬಾಯ್ ತೆಗ್ದೆ, ತಂಗಚ್ಚಿ. ಗಾಳಿ ಬಂತು. ಜನ ಇದೂ ನಾಟಕ ಅಂದ್ಕೊಂಡು ಕೈ ತಟ್ಟಿದ್ರು" ಎಂದು ಒಮ್ಮೆ ನನಗೆ ಹೇಳಿ ನಕ್ಕಳು. ನಗುವಾಗಲೂ ಹೆಬ್ಬೆರಳು ಅಲ್ಲೇ ಇತ್ತು.

ತವರಿನವರು ಬಾಗಿಲು ತೆಗೆಯಲಿಲ್ಲ. ನಿಮ್ಮ ತಾತ ಎದುರಿನ ಹಳೆಯ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅಲ್ಲಿ ಕೂತು ಅವಳು ಮಲ್ಲಿಗೆ ಕಟ್ಟಿ ಬದುಕಿದಳು. ಹೂವು ಕಟ್ಟುವ ಕೈ ನಿಲ್ಲುತ್ತಿರಲಿಲ್ಲ, ಕಣ್ಣು ಮಾತ್ರ ಬೀದಿಯ ಮೇಲೆ. ಯಾರು ಮಾತಾಡಿದರೂ ಅವಳು ಮುಖ ನೋಡುವವಳಲ್ಲ, ಕತ್ತು ನೋಡುವವಳು. ಮಾತಾಡುವಾಗ ಕತ್ತಿನ ನರ ಎದ್ದು ನಿಂತರೆ ತಲೆ ಆಡಿಸುತ್ತಿದ್ದಳು. ಸಂತೆಯಲ್ಲಿ ತರಕಾರಿ ಹರಾಜು ಕೂಗುವವನನ್ನು ನೋಡಿ, "ಇವನ ಗಂಟ್ಲು ಇನ್ನೆರಡು ವರ್ಷ" ಎಂದಳು. ಎರಡು ವರ್ಷ ತುಂಬುವ ಮೊದಲೇ ಅವನು ಕೂಗಲಾರದೆ ಊದುವ ಶೀಟಿ ಹಿಡಿದ. ಆದರೆ ಕಂಬಂ ಬಸ್ ನಿಲ್ದಾಣದಲ್ಲಿ "ತೇನಿ, ತೇನಿ, ತೇನಿ" ಎನ್ನುವ ಒಬ್ಬ ಕಂಡಕ್ಟರ್ ಮೇಲೆ ಅವಳಿಗೆ ಬಹಳ ಮರ್ಯಾದೆ. "ನೋಡು ಅವನ್ನ. ಹೊಟ್ಟೆ ಆಡ್ತೈತೆ, ಕತ್ತು ಸುಮ್ನೈತೆ. ಕತ್ತು ಬರೀ ದಾರಿ ತಂಗಚ್ಚಿ, ಬಸ್ಸು ಹೊರಡೋದು ಹೊಟ್ಟೆಯಿಂದ" ಎನ್ನುತ್ತಿದ್ದಳು.

ಫೋನಿನಲ್ಲಿ ಕಿರುಚುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ನಿಮ್ಮಪ್ಪ ಕುಮಳಿಯ ದ್ರಾಕ್ಷಿ ವ್ಯಾಪಾರಿಯ ಜೊತೆ ಬೀದಿಯಲ್ಲಿ ನಿಂತು ಫೋನಿನಲ್ಲಿ ಕೂಗುತ್ತಿದ್ದರೆ ಅವಳು ಕಿಟಕಿಯಿಂದ ಕೈ ಬೀಸಿ ಕರೆಯುತ್ತಿದ್ದಳು. ಅವನು ಏನೋ ಎಂದು ಓಡಿ ಹೋದರೆ, "ಕುಮಳಿ ಕಿವುಡಾಪ್ಪಾ? ಮೆಲ್ಲಗೆ ಮಾತಾಡು, ಕೇಳ್ತೈತೆ" ಎಂದು ಹೇಳಿ ಕಳುಹಿಸುತ್ತಿದ್ದಳು. ದಿನವಿಡೀ ಬಿಸಿನೀರು ಕುಡಿಯುವವಳು. ಸಿತ್ತರತ್ತೆ ಎಂಬ ಖಾರದ ಬೇರಿನ ಚೂರು ಸದಾ ದವಡೆಯಲ್ಲಿ. ನನ್ನ ಮಾವಿನಕಾಯಿ ಉಪ್ಪಿನಕಾಯಿಯನ್ನು ಒಂದು ದಿನವೂ ಮುಟ್ಟಲಿಲ್ಲ. ನನಗೆ ಅದೊಂದು ಕೋಪ ಕೊನೆಯವರೆಗೂ ಇತ್ತು.

ನಂದಿನಿ, ನೀನು ಪ್ಲಸ್ ಟೂ ಮುಗಿಸಿ, ನಟನೆಯನ್ನೇ ಓದುತ್ತೇನೆ ಎಂದೆ. ನಿಮ್ಮಪ್ಪ ಮೂರು ದಿನ ಊಟ ಮುಗಿಸಿ ನೇರ ಚಪ್ಪರಕ್ಕೆ ಹೋದ. ನಾಲ್ಕನೆಯ ದಿನ, "ಡಿಗ್ರಿ ಕೊಡೋ ಕಾಲೇಜಾಗಿರ್ಬೇಕು. ಹಾಸ್ಟೆಲ್ ಇರ್ಬೇಕು. ಒಂದೇ ಜಾಗ, ಒಂದೇ ಸಲ. ಆಗ್ಲಿಲ್ಲ ಅಂತ ಅರ್ಧಕ್ಕೆ ಬಂದ್ರೆ ಬಿ.ಕಾಂ, ಗಲಾಟೆ ಇಲ್ದೆ" ಎಂದ. ನೀನು ತಲೆ ಆಡಿಸಿದೆ. ತಲೆ ಮಾತ್ರ. ಏಕೆಂದರೆ ಆವತ್ತು ನಿನಗೆ ದನಿ ಇರಲಿಲ್ಲ. ಶಾಲೆಯ ಕೊನೆಯ ನಾಟಕ ಮಾಡಿ ಎರಡು ದಿನವಾಗಿತ್ತು. ಪ್ರತಿ ನಾಟಕ ಆದಮೇಲೂ ನಿನ್ನ ಗಂಟಲು ಹೀಗೆ ಕಟ್ಟುತ್ತಿತ್ತು. ನಾವು ಮೆಣಸಿನ ಕಷಾಯ ಮಾಡಿ ಕೊಟ್ಟು, ಚೆನ್ನಾಗಿ ಕೂಗಿದ್ದಾಳೆ ಎಂದು ಹೆಮ್ಮೆಪಡುತ್ತಿದ್ದೆವು. ನಟನೆ ಎಂದರೆ ಕೂಗುವುದು ಎಂದೇ ನಾವೆಲ್ಲ ತಿಳಿದಿದ್ದೆವು.

ನಾಟಕದಕ್ಕ ಮಾತ್ರ ಬೀದಿ ದಾಟಿ ಬಂದು ನಿನ್ನ ಗಲ್ಲ ಎತ್ತಿ ಕತ್ತು ನೋಡಿದಳು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದ ಮಾತು ನಿನಗೆ ಗೊತ್ತಿಲ್ಲ. "ತಂಗಚ್ಚಿ, ನಂಗೆ ಮೂವತ್ತೆಂಟಕ್ಕೆ ಹೋಯ್ತು. ಇವ್ಳಿಗೆ ಇಪ್ಪತ್ತೈದಕ್ಕೇ ಹೋಗ್ತೈತೆ. ದನಿ ಪಾಠ ಇರೋ ಕಾಲೇಜು ಬೇಕು. ಇಲ್ದಿದ್ರೆ ಬಿ.ಕಾಮೇ ವಾಸಿ."

ದ್ರಾಕ್ಷಿ ಕೊಯ್ಲಿನ ಸಮಯ. ನಿಮ್ಮಪ್ಪ ಚಪ್ಪರ ಬಿಟ್ಟು ಬರುವ ಹಾಗಿರಲಿಲ್ಲ. ಹೀಗಾಗಿ ಕಾಲೇಜು ನೋಡಲು ಹೊರಟವರು ಮೂವರು ಹೆಂಗಸರು: ಮಾತೇ ಆಡದ ನಾನು, ದನಿಯೇ ಇಲ್ಲದ ಅವಳು, ಕಟ್ಟಿದ ಗಂಟಲು ಆಗತಾನೇ ಬಿಟ್ಟಿದ್ದ ನೀನು.

ಮೊದಲನೆಯದು ಬತ್ತಲಗುಂಡು ದಾಟಿದ ಮೇಲೆ ಸಿಗುವ ದೊಡ್ಡ ಕಾಲೇಜು. ಗಾಜಿನ ಗೋಡೆ, ತಣ್ಣನೆಯ ಕೋಣೆ, ಸಾಲು ಸಾಲು ಕ್ಯಾಮೆರಾ. ನಿನ್ನ ಗೆಳತಿ ಅಲ್ಲೇ ಸೇರುವವಳಿದ್ದಳು. ನಿನ್ನ ಕಣ್ಣು ಹೊಳೆಯುತ್ತಿತ್ತು. ಟೈ ಕಟ್ಟಿದ ಹುಡುಗನೊಬ್ಬ ನಮಗೆ ಎಲ್ಲ ತೋರಿಸಿದ. ಮೇಕಪ್ಪು, ಕುಣಿತ, ಎಡಿಟಿಂಗು. ನಾಟಕದಕ್ಕ ಹೆಬ್ಬೆರಳು ಇಟ್ಟುಕೊಂಡು ಕೇಳಿದಳು: "ದನಿ ಪಾಠ ಯಾರ್ ಹೇಳ್ಕೊಡ್ತಾರೆ ತಂಬಿ?"

ಅವನಿಗೆ ಮೊದಲು ಕೇಳಿಸಲಿಲ್ಲ. ಮತ್ತೆ ಕೇಳಿದಳು. "ಅದಕ್ಕೆ ಯಾಕಮ್ಮಾ ಪಾಠ? ಎಲ್ಲರ ಕಾಲರಿಗೂ ಮೈಕ್ ಇರುತ್ತೆ" ಎಂದ ಒಳ್ಳೆಯ ಹುಡುಗ, ತಮಿಳಿನಲ್ಲಿ.

ಒಳಗೆ ಮಕ್ಕಳು ನಾಟಕದ ಅಭ್ಯಾಸ ಮಾಡುತ್ತಿದ್ದರು. ಅವಳು ನಮ್ಮನ್ನು ಕೊನೆಯ ಸಾಲಿಗೆ ಕರೆದುಕೊಂಡು ಹೋದಳು. ಒಬ್ಬ ಹುಡುಗಿ ಅಳುವ ಪಾತ್ರ ಮಾಡುತ್ತಿದ್ದಳು. ಚೆನ್ನಾಗಿಯೇ ಮಾಡುತ್ತಿದ್ದಳು. ನಾಟಕದಕ್ಕ ನನ್ನ ಕಿವಿಗೆ ಬಾಯಿಟ್ಟು ಒಂದೇ ಮಾತು ಹೇಳಿದಳು: "ಹಗ್ಗ." ನೋಡಿದರೆ ಆ ಮಗುವಿನ ಕತ್ತಿನಲ್ಲಿ ನರಗಳು ನಿಜವಾಗಿ ಹಗ್ಗದ ಹಾಗೆ ಎದ್ದಿದ್ದವು.

ಬಸ್ಸಿನಲ್ಲಿ ನೀನು ಸಿಡಿದೆ. "ಕತ್ತು ನೋಡಿ ಕಾಲೇಜು ಸೇರ್ತಾರಾ ಯಾರಾದ್ರೂ? ದನ ಕೊಳ್ಳೋವಾಗ ಹಲ್ಲು ನೋಡೋ ಹಾಗೆ! ನಿಮ್ಮ ಗಂಟ್ಲು ಹೋಯ್ತು ಅಂತ ನನ್ನ ಓದು ಯಾಕ್ ಕೆಡಿಸ್ತೀರಾ?"

ನಾನು ಸೀಟಿನ ಕಂಬಿ ಹಿಡಿದುಕೊಂಡೆ. ನಿನ್ನ ಕೆನ್ನೆಗೆ ಹೊಡೆಯಬೇಕೆನಿಸಿತು, ಅದೂ ನನ್ನಿಂದ ಆಗಲಿಲ್ಲ. ತೇನಿಯಲ್ಲಿ ಬಸ್ಸು ನಿಂತಾಗ ನಾಟಕದಕ್ಕ ಕತ್ತಿನ ಬಟ್ಟೆ ಬಿಚ್ಚಿದಳು. ಅದನ್ನು ಬಿಚ್ಚಿದ್ದನ್ನು ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ. ನಿನ್ನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. "ಮುಟ್ಟು ಮಗಳೇ. ಹೆದರ್ಬೇಡ. ನಾ ಈಗ ರಾಣಿ ಮಾತು ಹೇಳ್ತೀನಿ" ಎಂದು ಬಾಯಿ ತೆರೆದಳು. ತುಟಿ ಆಡುತ್ತಿತ್ತು, ಹುಬ್ಬು ಏರುತ್ತಿತ್ತು, ಕಣ್ಣಿನಲ್ಲಿ ರಾಣಿ ಇದ್ದಳು. ಸದ್ದು ಮಾತ್ರ ಇರಲಿಲ್ಲ. ಆಮೇಲೆ ನೀನು ಕೈ ತೆಗೆದುಕೊಳ್ಳದೆ ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಆ ಕತ್ತಿನಲ್ಲಿ ಏನು ಸಿಕ್ಕಿತು ಎಂದು ನಾನು ಇವತ್ತಿಗೂ ಕೇಳಿಲ್ಲ. ಮರುವಾರ ದಿಂಡಿಗಲ್ಲಿಗೆ ಹೊರಡುವಾಗ ನೀನೇ ಅವಳ ಬಿಸಿನೀರಿನ ಫ್ಲಾಸ್ಕ್ ಹಿಡಿದುಕೊಂಡೆ.

ದಿಂಡಿಗಲ್ಲಿನ ಕಾಲೇಜಿಗೆ ಗಾಜಿನ ಗೋಡೆ ಇರಲಿಲ್ಲ. ಹಳೆಯ ಕಟ್ಟಡ, ಮೇಲೆ ತಗಡು. ನಟನೆಯ ವಿಭಾಗ ಎಂದು ಬರೆದ ಬಾಗಿಲು ತಳ್ಳಿದರೆ ಇಪ್ಪತ್ತು ಮಕ್ಕಳು ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಒಬ್ಬೊಬ್ಬರ ಹೊಟ್ಟೆಯ ಮೇಲೂ ಒಂದು ದಪ್ಪ ಪುಸ್ತಕ. ಪುಸ್ತಕಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಅವರ ನಡುವೆ ಮೇಡಂ ಕೂಡ ಮಲಗಿದ್ದರು.

"ನಿದ್ದೆ ಮಾಡೋಕೆ ಡಿಗ್ರಿ ಕೊಡ್ತಾರಾ ಅಜ್ಜಿ?" ಎಂದು ನೀನು ನಕ್ಕೆ. ನಾಟಕದಕ್ಕ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಮಕ್ಕಳು ಎದ್ದರು. ಒಬ್ಬ ಸಣಕಲು ಹುಡುಗ ಆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಮನೆಯಲ್ಲಿ ಮಾತಾಡುವ ಹಾಗೆ ಎರಡು ಸಾಲು ಹೇಳಿದ. ಬೆನ್ನು ನಮ್ಮ ಕಡೆ, ಆದರೂ ಪ್ರತಿಯೊಂದು ಅಕ್ಷರ ನಮ್ಮ ಪಕ್ಕದಲ್ಲಿ ನಿಂತು ಹೇಳಿದಂತೆ ಕೇಳಿಸಿತು. ಅವನು ತಿರುಗಿದಾಗ ನಾವು ಮೂವರೂ ಕತ್ತು ನೋಡಿದೆವು. ಹಸುಗೂಸಿನ ಕತ್ತಿನ ಹಾಗೆ ನಯವಾಗಿತ್ತು.

ನಾಟಕದಕ್ಕ ಮೇಡಂ ಕೈ ಹಿಡಿದುಕೊಂಡು ಕೇಳಿದಳು: "ಇದು ಕಲ್ಸೋ ಪಾಠಾನಾಮ್ಮಾ? ಈ ಊರಲ್ಲಾ? ನಾ ಇದೇ ಊರಲ್ಲಿ ಇಪ್ಪತ್ತು ವರ್ಷ ಕೂಗಿದ್ದೆ." ಆ ಹೊತ್ತು ಅವಳು ಹೆಬ್ಬೆರಳು ಇಡುವುದನ್ನು ಮರೆತಿದ್ದಳು. ಅರ್ಧ ಮಾತು ಹೊರಗೇ ಬರಲಿಲ್ಲ. ಆದರೂ ಮೇಡಂಗೆ ಅರ್ಥವಾಯಿತು. ಅವರು ಬಗ್ಗಿ ಅವಳ ಪಾದ ಮುಟ್ಟಿದರು.

ಆದರೆ ಸೀಟು ಸುಮ್ಮನೆ ಸಿಗುವಂಥದ್ದಲ್ಲ. ಒಂದು ಪರೀಕ್ಷೆ ಉಂಟು: ಮೈಕ್ ಇಲ್ಲದೆ, ಕಿರುಚದೆ, ಅಂಗಳದ ಆಚೆ ಬೇವಿನ ಮರದ ಕೆಳಗೆ ಕೂತವರಿಗೆ ಮಾತು ಮುಟ್ಟಿಸಬೇಕು. ನೀನು ನಿಂತೆ. ಶಾಲೆಯ ನಾಟಕದ ಮಾತನ್ನು ಕೂಗಿದೆ. ನಾಲ್ಕನೆಯ ಸಾಲಿಗೆ ಗಂಟಲು ಬಿರಿಯಿತು. ಕತ್ತಿನಲ್ಲಿ ಹಗ್ಗ.

ಮೇಡಂ ಮೃದುವಾಗಿಯೇ ಹೇಳಿದರು, ಹತ್ತು ದಿನ ಬಿಟ್ಟು ಇನ್ನೊಂದು ಸಲ ಬಾ, ಅದೇ ಕೊನೆ ಎಂದು. ಗಾಜಿನ ಕಾಲೇಜು ಕರೆಯುತ್ತಿತ್ತು, ಅಲ್ಲಿ ಪರೀಕ್ಷೆಯೇ ಇರಲಿಲ್ಲ. "ಇಲ್ಲೇ ಬರ್ತೀನಿ" ಎಂದು ಹೇಳಿದವಳು ನೀನು. ಆ ಮಾತು ನನಗೆ ಹೆಮ್ಮೆ.

ಹತ್ತು ದಿನದಲ್ಲಿ ಐದು ದಿನ ಹಾಳಾಯಿತು. ನಾಟಕದಕ್ಕನಿಗೆ ತಪ್ಪು ಎಲ್ಲಿದೆ ಎಂದು ಗೊತ್ತು, ಸರಿ ಹೇಗೆ ಎಂದು ತೋರಿಸಲು ದನಿ ಇಲ್ಲ. ನಿನ್ನ ಹೊಟ್ಟೆಯ ಮೇಲೆ ಅಕ್ಕಿ ಸೇರು ಇಟ್ಟಳು, ಪಂಚಾಂಗ ಇಟ್ಟಳು. ನೀನು ಅತ್ತೆ. ಅವಳು ನೆಲಕ್ಕೆ ಕೈ ಬಡಿದಳು. "ತೋರ್ಸೋಕಾಯ್ತಿಲ್ವಲ್ಲಾ ಸಾಮೀ!"

ಆ ಸಂಜೆ ನಮ್ಮ ಕಪ್ಪು ಹಸು ಹಗ್ಗ ಕಿತ್ತುಕೊಂಡು ಮೇಲಿನ ಚಪ್ಪರದ ಕಡೆ ಹೋಗಿತ್ತು. ನಾನು ಹಿತ್ತಲಿಗೆ ಹೋಗಿ ಕರೆದೆ. ತವರಿನಲ್ಲಿ ಕಾಡಂಚಿನಿಂದ ದನ ಕರೆಯುತ್ತಿದ್ದ ಹಾಗೆ, "ಬಾರಮ್ಮಾ ಕರೀ... ಬಾ... ಬಾ..." ಎಂದು. ಮನುಷ್ಯರ ಮುಂದೆ ಬಾಯಿ ಬಾರದವಳಿಗೆ ದನದ ಮುಂದೆ ಯಾವ ನಾಚಿಕೆ? ತಿರುಗಿ ನೋಡಿದರೆ ನಾಟಕದಕ್ಕ ಬರಿಗಾಲಲ್ಲಿ ಬೀದಿ ದಾಟಿ ಓಡಿಬರುತ್ತಿದ್ದಾಳೆ, ಮಡಿಲಿನ ಹೂವೆಲ್ಲ ಚೆಲ್ಲಿ.

"ಇನ್ನೊಂದ್ಸಲ ಕೂಗು!"

"ಯಾಕಕ್ಕಾ, ಹಸು ಬರ್ತಾ ಐತೆ."

"ಹಸು ಹಾಳಾಗ್ಲಿ, ಕೂಗು ಡೀ!"

ಕೂಗಿದೆ. ಅವಳು ನನ್ನ ಕತ್ತಿಗೆ ಮುಖ ತಂದು, ಸೂಜಿಗೆ ದಾರ ಪೋಣಿಸುವವಳ ಹಾಗೆ ನೋಡಿದಳು. "ಒಂದು ನರ ಎದ್ದಿಲ್ಲ. ಇಷ್ಟು ವರ್ಷ ಎದುರುಮನೇಲೇ ಇಟ್ಕೊಂಡು ಊರೆಲ್ಲಾ ಹುಡ್ಕಿದ್ನಲ್ಲಾ! ನಂದಿನೀ, ಬಾ ಇಲ್ಲಿ. ನಿಮ್ಮಜ್ಜಿ ಹೊಟ್ಟೆ ಮೇಲೆ ಕೈ ಇಡು."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ನಿನ್ನ ಕೈ ನನ್ನ ಹೊಟ್ಟೆಯ ಮೇಲಿತ್ತು, ಕಣ್ಣಿನಲ್ಲಿ ನೀರಿತ್ತು. ಕೂಗಿದೆ.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಬೆಳಗ್ಗೆ, ಸಂಜೆ ಚಪ್ಪರದ ಈ ತುದಿಯಲ್ಲಿ ನಿಂತು ಇಲ್ಲದ ಹಸುವನ್ನು ಕರೆದೆವು. ನಾಟಕದಕ್ಕ ಆ ತುದಿಯಲ್ಲಿ. ದನಿ ಅವಳಿಗೆ ಮುಟ್ಟಿದರೆ ಕತ್ತಿನ ಬಟ್ಟೆ ಬಿಚ್ಚಿ ಬೀಸುತ್ತಿದ್ದಳು. ಮೊದಲ ದಿನ ಬೀಸಿದ್ದು ನನಗೊಬ್ಬಳಿಗೇ. ಎರಡನೆಯ ದಿನಕ್ಕೆ ಬೀದಿಯವರು ಕೋಲು ಹಿಡಿದು ಬಂದರು. "ಏನ್ ಅತ್ತೆ, ದಿನಾ ಹಸು ತಪ್ಪಿಸ್ಕೊಳ್ತೈತಾ? ಒಂದು ಒಳ್ಳೆ ಹಗ್ಗ ತಂದ್ಕೊಡ್ಲಾ?" ನಾನು ಮುಖ ಮುಚ್ಚಿಕೊಂಡೆ. ನೀನು ನಕ್ಕೆ, ನಗುತ್ತಲೇ ಕರೆದೆ. ಆಗ ಸರಿಯಾಗಿ ಬಂತು ನೋಡು. ಆ ಇಟ್ಟಿಗೆ ಬಣ್ಣದ ಬಟ್ಟೆ ಚಪ್ಪರದ ಆಚೆ ಮೇಲೆದ್ದು ಹಾರಾಡಿತು.

ಪರೀಕ್ಷೆಯ ದಿನ ನೀನು ಬೇವಿನ ಮರದ ಕಡೆ ನೋಡಿ ಮೊದಲು ಹಸುವನ್ನು ಕರೆದೆ. ನಮ್ಮ ಮನೆಯ ಮಾತಿನಲ್ಲಿ. ಆಮೇಲೆ, ಆ ದನಿ ಎಲ್ಲಿಂದ ಹೊರಟಿತೋ ಅಲ್ಲಿಂದಲೇ ನಾಟಕದ ಮಾತು ಹೇಳಿದೆ. ಮರದ ಕೆಳಗೆ ಕೂತಿದ್ದ ಇಬ್ಬರೂ ಕೈ ಎತ್ತಿದರು. ಮೇಡಂ ಕೇಳಿದರು, ಮೊದಲು ಕರೆದದ್ದು ಯಾವ ಭಾಷೆ, ಯಾರು ಕಲಿಸಿದರು? ನೀನು ನನ್ನ ಕಡೆ ಕೈ ತೋರಿಸಿದೆ. ನಾನು ಕಂಬದ ಹಿಂದೆ ಸರಿದೆ. ನಾಟಕದಕ್ಕ ನನ್ನ ಸೆರಗು ಹಿಡಿದು ಮುಂದಕ್ಕೆ ಎಳೆದಳು.

ಮನೆಗೆ ಬಂದು ಹೇಳಿದಾಗ ನಿಮ್ಮಪ್ಪ, "ಹಸು ಕರ್ದಿದ್ದಕ್ಕೆ ಸೀಟ್ ಕೊಟ್ರಾ? ಹಾಗಾದ್ರೆ ಅಮ್ಮನ್ನೂ ಸೇರ್ಸಿಬಿಡೋಣ" ಎಂದ. ಅವನ ನಗುವನ್ನು ಎಷ್ಟೋ ದಿನದ ಮೇಲೆ ಕೇಳಿದೆ.

ಮೊದಲ ವರ್ಷದ ಕೊನೆಗೆ ನಿನ್ನ ನಾಟಕ ನೋಡಲು ನಾನೂ ನಾಟಕದಕ್ಕನೂ ಹೋದೆವು. ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದೆ ನೀನು. ಅವಳು ಕೂರಲಿಲ್ಲ, ಕೊನೆಯ ಸಾಲಿಗೆ ಹೋದಳು. ಅರ್ಧ ನಾಟಕ ಕಣ್ಣು ಮುಚ್ಚಿ ಕೇಳಿದಳು, ಉಳಿದರ್ಧ ಕಣ್ಣು ತೆರೆದು ನಿನ್ನ ಕತ್ತು ನೋಡಿದಳು. ಮುಗಿದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಬಂತು ತಂಗಚ್ಚಿ, ಇಲ್ಲಿವರ್ಗೂ ಬಂತು." ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಬ್ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅವಳ ಬಾಗಿಲು ತೆರೆಯಲಿಲ್ಲ. ನಾನೇ ಹೋಗಿ ನೋಡಿದೆ. ಲೋಟದ ನೀರು ತಣ್ಣಗಾಗಿತ್ತು.

ನಮ್ಮ ಬೀದಿಯ ರೂಢಿ ನಿಮಗೆ ಗೊತ್ತು. ಸತ್ತವರ ಕಡೆಯ ಹೆಂಗಸು ಮೊದಲು ದನಿ ಎತ್ತಿ ಅಳಬೇಕು, ಆಮೇಲೆ ಉಳಿದವರು. ತವರಿನವರಿಗೆ ಹೇಳಿಕಳುಹಿಸಿದೆವು. ಮಧ್ಯಾಹ್ನದವರೆಗೆ ಕಾದೆವು, ಯಾರೂ ಬರಲಿಲ್ಲ. ನಂದಿನಿ, ನೀನು ದಿಂಡಿಗಲ್ಲಿನಿಂದ ಬಂದು ಇಳಿದೆ. ಹೆಂಗಸರೆಲ್ಲ ಬಾಯಿ ಮುಚ್ಚಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ದನಿ ಕಳೆದುಕೊಂಡು ಬದುಕಿದವಳನ್ನು ದನಿಯೇ ಇಲ್ಲದೆ ಕಳುಹಿಸುವುದೇ?

ನಾನು ಮುಂದೆ ಹೋದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. "ಅಕ್ಕಾ..." ಎಂದು ಕರೆದೆ. ಕಾಡಂಚಿನ ದನವನ್ನು ಕರೆಯುವ ಹಾಗೆ ಉದ್ದಕ್ಕೆ, ಮೂರು ಸಲ. ಮೇಲಿನ ಚಪ್ಪರದಲ್ಲಿ ಕೊಯ್ಲು ಮಾಡುತ್ತಿದ್ದವರು ಬುಟ್ಟಿ ಇಳಿಸಿ ನಿಂತರಂತೆ. ಆಮೇಲೆ ಬೀದಿಯ ಹೆಂಗಸರೆಲ್ಲ ನನ್ನ ಜೊತೆ ಅತ್ತರು. ನೀನು ಅಳುತ್ತಲೇ ನನ್ನ ಕತ್ತು ನೋಡುತ್ತಿದ್ದೆ, ನಾನು ಕಂಡೆ. ಎಲ್ಲ ಮುಗಿದ ಮೇಲೆ ನನ್ನ ಪಕ್ಕ ಕೂತು, "ಅಜ್ಜೀ, ಒಂದು ನರಾನೂ ಎದ್ದಿರ್ಲಿಲ್ಲ" ಎಂದೆ.

ಅವಳ ಕತ್ತಿನ ಬಟ್ಟೆಯನ್ನು ನಾನು ತೊಳೆದು ಇಟ್ಟುಕೊಂಡಿದ್ದೇನೆ. ಈ ಹಾಳೆಗಳನ್ನು ಅದರಲ್ಲೇ ಸುತ್ತಿ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಕವಿನ್, ಪೆಟ್ಟಿಗೆಗೆ ಗೆದ್ದಲು ಬಾರದಂತೆ ನೋಡಿಕೊಳ್ಳುವುದು ನಿನ್ನ ಕೆಲಸ. ನಂದಿನಿ, ವರ್ಷಕ್ಕೊಮ್ಮೆ ಬಿಚ್ಚಿ ತಮ್ಮನಿಗೆ ಓದಿ ಹೇಳುವುದು ನಿನ್ನದು. ಹಿತ್ತಲಿನಲ್ಲಿ ನಿಂತು ಓದು, ಚಪ್ಪರದ ಆ ತುದಿಗೆ ಮುಟ್ಟುವ ಹಾಗೆ. ಹಾಳೆ ಮಾತ್ರ ಜೋಪಾನ, ಮಕ್ಕಳೇ.